ಮಂಗದ ರಕ್ತ ಪರೀಕ್ಷೆ: ತೊಡೆಸಂದೋ, ಮೀನಖಂಡವೋ, ಮುಂಗೈಯೋ?

ನಾಯಿಗೆ ಮುಂಗಾಲು, ದನಕ್ಕೆ ಕುತ್ತಿಗೆ, ಕೋಳಿಗೆ ರೆಕ್ಕೆ. ರಕ್ತ ತೆಗೆಯುವ ಜಾಗ ವೆಟರ್ನರಿ ಕಾಲೇಜಿನಲ್ಲೇ ಕೈಗೆ ಕೂತುಬಿಟ್ಟಿರುತ್ತದೆ. ಮಂಗದ ವಿಷಯ ಹಾಗಲ್ಲ. ಕಲಿಯುವಾಗ ಮಂಗ ಕೈಗೆ ಸಿಗುವುದೇ ಕಮ್ಮಿ. ಮುಂದೊಂದು ದಿನ ಕರೆಂಟ್ ಹೊಡೆದ ಕೋತಿಯನ್ನು ಅರಣ್ಯ ಇಲಾಖೆಯವರು ಗೋಣಿಯಲ್ಲಿ ತಂದು ಮೇಜಿನ ಮೇಲೆ ಇಟ್ಟಾಗ ಪ್ರಶ್ನೆ ಏಳುತ್ತದೆ: ಸೂಜಿ ಎಲ್ಲಿಗೆ?

ಪುಸ್ತಕ ತೆಗೆದರೆ ಐದು ಜಾಗದ ವೇನ್‌ಗಳು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು, ಸಿಗುತ್ತವೆ. ತೊಡೆಸಂದಿನ ಫೆಮೊರಲ್, ಮೀನಖಂಡದ ಸಫೀನಸ್, ಮುಂಗೈಯ ಸೆಫಾಲಿಕ್, ಕುತ್ತಿಗೆಯ ಜುಗುಲರ್, ಆಮೇಲೆ ಬಾಲ. ಎಲ್ಲವೂ ನಡೆಯುತ್ತವೆ ಎಂದು ಬರೆದಿರುತ್ತದೆ. ಯಾವಾಗ ಯಾವುದು ಅನ್ನೋದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ. ಹಾಗಾಗಿ ಬಹಳ ಜನ ಸೀದಾ ತೊಡೆಸಂದಿಗೆ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಪ್ರತಿ ಸಲವೂ ಅದೇ ಸರಿ ಅಂತಲೂ ಅಲ್ಲ.

ಜಾಗ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ರಕ್ತ ಬೇಕು? ಪ್ರಾಣಿ ಮಂಪರಿನಲ್ಲಿದೆಯೋ, ಎಚ್ಚರವಿದೆಯೋ? ರಕ್ತ ತೆಗೆದ ಮೇಲೆ ಇದಕ್ಕೆ ಇನ್ನೇನು ಮಾಡುವುದಿದೆ? ಮೊದಲ ಎರಡನ್ನು ಎಲ್ಲರೂ ಹೇಗೋ ಯೋಚಿಸುತ್ತಾರೆ. ಮೂರನೆಯದು ಮರೆತುಹೋಗುತ್ತದೆ. ನನ್ನನ್ನು ಕೇಳಿದರೆ ಜಾಗ ನಿರ್ಧಾರ ಆಗಬೇಕಾದ್ದೇ ಆ ಮೂರನೆಯದರ ಮೇಲೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ನಮ್ಮ ಊರಿನ ಕೋತಿಯ ಬಗ್ಗೆ. ಅಂದರೆ ಬಾನೆಟ್ ಮಕಾಕ್, ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ. ಮುಸಿಯ, ಸಿಂಗಳೀಕ, ಕಾಡುಪಾಪದ ಮಾತು ಕೊನೆ ಕಡೆ ಇದೆ. ಓದುವವರು ಪಶುವೈದ್ಯರು, ಇಂಟರ್ನ್‌ಗಳು, ಝೂ ಸಿಬ್ಬಂದಿ ಎಂದುಕೊಂಡು ಬರೆದಿದ್ದೇನೆ. ಉಳಿದವರೂ ಓದಬಹುದು, ಆದರೆ ಕೈ ಹಾಕುವ ಕೆಲಸ ಇದಲ್ಲ. ಕೋತಿಯನ್ನು ಹಿಡಿಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಎಷ್ಟು ಬೇಕು?

ಮಕಾಕ್ ಜಾತಿಯ ಮಂಗಗಳ ಮೈಯಲ್ಲಿ ಕೆಜಿಗೆ ಸುಮಾರು 55ರಿಂದ 65 ಎಂಎಲ್ ರಕ್ತ ಇರುತ್ತದೆ. 4 ಕೆಜಿಯ ಹೆಣ್ಣು ಕೋತಿ ಎಂದರೆ ಹತ್ತಿರ ಹತ್ತಿರ 240 ಎಂಎಲ್. ಆರೋಗ್ಯವಾಗಿರುವ ಪ್ರಾಣಿಯಿಂದ ಒಂದು ಸಲಕ್ಕೆ ಇದರ ಹತ್ತನೇ ಒಂದು ಭಾಗ ದಾಟಬಾರದು ಎನ್ನುವುದು ಎಲ್ಲರೂ ಒಪ್ಪಿರುವ ಮಿತಿ. ಅಂದರೆ 24 ಎಂಎಲ್. ಅಷ್ಟು ಯಾರಿಗೆ ಬೇಕು ಹೇಳಿ? ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ಒಂದು ಎಂಎಲ್, ಲಿವರ್ ಮತ್ತು ಕಿಡ್ನಿ ಪರೀಕ್ಷೆಗೆ ಎರಡು, ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಎತ್ತಿಡುವುದಿದ್ದರೆ ಇನ್ನೊಂದೆರಡು. ಐದು ಎಂಎಲ್ ಒಳಗೆ ಕೆಲಸ ಮುಗಿಯುತ್ತದೆ.

ಹಾಗಾದರೆ ಲೆಕ್ಕ ಯಾಕೆ ಅಂತೀರಾ? ಎರಡು ಕಡೆ ಅದು ಕತ್ತು ಹಿಡಿಯುತ್ತದೆ. ಒಂದು, ಮರಿ. ಅರ್ಧ ಕೆಜಿಯ ಮರಿಯಲ್ಲಿ ಒಟ್ಟು ರಕ್ತವೇ 30 ಎಂಎಲ್. ಮಿತಿ 3 ಎಂಎಲ್. ಮರಿ ಹುಷಾರಿಲ್ಲದಿದ್ದರೆ ಅದರ ಅರ್ಧಕ್ಕೇ ನಿಲ್ಲಿಸುವುದು ಒಳ್ಳೆಯದು. ಇನ್ನೊಂದು, ನಾಯಿ ಕಚ್ಚಿಯೋ ಗಂಡುಗಳ ಜಗಳದಲ್ಲೋ ಈಗಾಗಲೇ ರಕ್ತ ಸುರಿಸಿಕೊಂಡು ಬಂದ ಪ್ರಾಣಿ. ಇಂಥ ಕಡೆ ಸಿರಿಂಜಿಗೆ ಬಂದದ್ದನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಹತ್ತಿಗೆ ಹೋದದ್ದು, ಚರ್ಮದ ಕೆಳಗೆ ಸೋರಿ ಗಡ್ಡೆ ಕಟ್ಟಿದ್ದು, ಎಲ್ಲವೂ ಅದೇ 30 ಎಂಎಲ್‌ನಿಂದಲೇ ಹೋಗುವುದು. ಆದ್ದರಿಂದ ಮರಿಗಳಿಗೆ ಅರ್ಧ ಎಂಎಲ್ ಹಿಡಿಯುವ ಪೀಡಿಯಾಟ್ರಿಕ್ ಟ್ಯೂಬ್ ತರಿಸಿಟ್ಟುಕೊಳ್ಳಿ. ಬರೀ ಶುಗರ್ ನೋಡುವುದಿದ್ದರೆ ವೇನ್ ಯಾಕೆ, ಬೆರಳ ತುದಿಯ ಒಂದು ಹನಿ ಗ್ಲುಕೋಮೀಟರ್‌ಗೆ ಸಾಕು.

ಮಂಪರೋ, ಎಚ್ಚರವೋ?

ಪಳಗದ, ಬೆಳೆದ ಕೋತಿಯನ್ನು ಎಚ್ಚರದಲ್ಲಿ ಒತ್ತಿ ಹಿಡಿದು ರಕ್ತ ತೆಗೆಯುವ ಸಾಹಸ ಬೇಡ. ಗಂಡಿನ ಕೋರೆಹಲ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯವಾಗಿ ಸ್ಕ್ವೀಝ್ ಕೇಜಿನಲ್ಲಿ ಒತ್ತರಿಸಿ, ಇಲ್ಲವೇ ಬ್ಲೋ ಪೈಪಿನಿಂದ, ಮಾಂಸಖಂಡಕ್ಕೆ ಕೆಟಮಿನ್ ಕೊಡುತ್ತಾರೆ. ಮೂರರಿಂದ ಐದು ನಿಮಿಷಕ್ಕೆ ಹಿಡಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಕೆಲಸಕ್ಕೆ ಸಿಗುತ್ತದೆ. ಕೆಟಮಿನ್ ಒಂದೇ ಆದರೆ ಮೈ ಸೆಟೆದುಕೊಂಡಿರುತ್ತದೆ, ಅದಕ್ಕೆ ಜೊತೆಯಲ್ಲಿ ಝೈಲಝಿನ್ ಅಥವಾ ಮೆಡೆಟೊಮಿಡಿನ್ ಸೇರಿಸುವವರು ಜಾಸ್ತಿ.

ಈ ಜೊತೆ ಔಷಧಕ್ಕೂ ನೀವು ಆರಿಸುವ ಜಾಗಕ್ಕೂ ನೇರ ಸಂಬಂಧ ಇದೆ. ಮೆಡೆಟೊಮಿಡಿನ್ ಗುಂಪಿನ ಔಷಧಗಳು ಚರ್ಮದ ಹತ್ತಿರದ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಮೀನಖಂಡದಲ್ಲಿ ದಪ್ಪಗೆ ಕಾಣಬೇಕಾದ ವೇನ್ ದಾರದಷ್ಟು ಸಣ್ಣ ಆಗಿರುತ್ತದೆ. ಆಗ ಅಲ್ಲೇ ಮೂರು ನಾಲ್ಕು ಸಲ ಚುಚ್ಚುತ್ತಾ ಕೂರುವುದಕ್ಕಿಂತ ತೊಡೆಸಂದಿಗೆ ಹೋಗುವುದು ವಾಸಿ. ಇದೇ ಔಷಧಗಳು ರಕ್ತದ ಸಕ್ಕರೆಯನ್ನೂ ಏರಿಸುತ್ತವೆ. ರಿಪೋರ್ಟಿನಲ್ಲಿ ಗ್ಲುಕೋಸ್ ಜಾಸ್ತಿ ಬಂತು ಅಂತ ಕೋತಿಗೆ ಸಕ್ಕರೆ ಕಾಯಿಲೆ ಪಟ್ಟ ಕಟ್ಟಬೇಡಿ. ಕೆಟಮಿನ್ ಬಿದ್ದ ಮೇಲೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಇಳಿಯುತ್ತದೆ, ಹಿಮೋಗ್ಲೋಬಿನ್ ಕೂಡ ಸ್ವಲ್ಪ ಕೆಳಗೆ ಬರುತ್ತದೆ. ಬೋನಿನಲ್ಲಿ ಅಟ್ಟಾಡಿಸಿ ಹಿಡಿದಿದ್ದರೆ ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಮತ್ತು ಸಕ್ಕರೆ ಎರಡೂ ಮೇಲೆ ಹೋಗಿರುತ್ತವೆ. ಯಾವ ಔಷಧ, ಎಷ್ಟು ಗಂಟೆಗೆ, ಹಿಡಿಯಲು ಎಷ್ಟು ಹೊತ್ತಾಯಿತು, ಇಷ್ಟನ್ನು ಲ್ಯಾಬ್ ಫಾರಂ ಮೇಲೆ ಬರೆದು ಕಳಿಸುವ ಅಭ್ಯಾಸ ಒಳ್ಳೆಯದು.

ಇನ್ನೊಂದು ವಿಷಯ. ಕೋತಿ ಮಲಗಿದ ತಕ್ಷಣ ಬಾಯಿ ತೆಗೆದು ದವಡೆ ಚೀಲ ನೋಡಿ. ಕಡಲೆಕಾಯಿ, ಬಾಳೆಹಣ್ಣು, ಕೆಲವೊಮ್ಮೆ ಪ್ಲಾಸ್ಟಿಕ್ ಚೂರು, ಏನಿರುತ್ತದೋ ಹೇಳಲಾಗದು. ಮಂಪರಿನಲ್ಲಿ ಅದು ಗಂಟಲಿಗೆ ಜಾರಿದರೆ ರಕ್ತ ಪರೀಕ್ಷೆಯ ಮಾತೇ ಇಲ್ಲ. ಕುತ್ತಿಗೆಯ ಕಡೆಯಿಂದ ಮೇಲಕ್ಕೆ ಒತ್ತುತ್ತಾ, ಬೆರಳು ಹಲ್ಲಿಗೆ ಸಿಗದಂತೆ ಚಿಮಟದಿಂದ ತೆಗೆಯಿರಿ.

ಎಚ್ಚರದಲ್ಲೇ ರಕ್ತ ಕೊಡುವಂತೆ ಪಳಗಿಸಿದ ಪ್ರಾಣಿಗಳ ಕಥೆ ಬೇರೆ. ಝೂಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ ದ್ರಾಕ್ಷಿ, ಕಡಲೆಕಾಯಿ ಕೊಡುತ್ತಾ ಮಂಗ ತಾನೇ ಕಾಲನ್ನು ಜಾಲರಿಯ ಹತ್ತಿರ ಒಡ್ಡುವ ಹಾಗೆ ಅಭ್ಯಾಸ ಮಾಡಿಸುತ್ತಾರೆ. ವಾರಗಟ್ಟಲೆ ಹಿಡಿಯುವ ಕೆಲಸ. ಆದರೆ ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದು ಮತ್ತೆ ಮತ್ತೆ ರಕ್ತ ಬೇಕಾಗುವ ಪ್ರಾಣಿಗೆ ಪ್ರತಿ ಸಲ ಅರವಳಿಕೆ ಕೊಡುವುದು ತಪ್ಪುತ್ತದೆ. ಇಂಥ ಪ್ರಾಣಿಗೆ ತೊಡೆಸಂದಿನ ಯೋಚನೆಯನ್ನೇ ಬಿಡಬೇಕು. ಮೀನಖಂಡವೇ ಗತಿ.

ತೊಡೆಸಂದು

ಕೋತಿಯನ್ನು ಬೆನ್ನ ಮೇಲೆ ಮಲಗಿಸಿ. ಒಂದು ಕಾಲನ್ನು ಪಕ್ಕಕ್ಕೆ ಚಾಚಿ, ಮಂಡಿ ಸ್ವಲ್ಪ ಹೊರಕ್ಕೆ ತಿರುಗುವಂತೆ ಹಿಡಿಯಿರಿ. ತೊಡೆಯ ಬುಡದಲ್ಲಿ ಒಂದು ಸಣ್ಣ ತಗ್ಗು ಕಾಣಿಸುತ್ತದೆ. ಮೇಲೆ ಇಂಗ್ವೈನಲ್ ಲಿಗಮೆಂಟ್, ಹೊರಬದಿಗೆ ಸಾರ್ಟೋರಿಯಸ್ ಸ್ನಾಯು, ಒಳಬದಿಗೆ ಅಡಕ್ಟರ್ ಸ್ನಾಯು. ಈ ಮೂರರ ನಡುವಿನ ತ್ರಿಕೋನವೇ ನಿಮ್ಮ ಜಾಗ. ಕೋತಿಯಲ್ಲಿ ಇಲ್ಲಿ ಕೂದಲು ತೆಳು. ಎಷ್ಟೋ ಸಲ ಕತ್ತರಿಸುವುದೇ ಬೇಡ.

ಎರಡು ಬೆರಳನ್ನು ಹಗುರವಾಗಿ ಇಡಿ. ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ, ಸುಮ್ನೆ ಇಟ್ಟರೆ ಬಡಿತ ತಾನೇ ಬೆರಳಿಗೆ ಬರುತ್ತದೆ. ಅದು ಆರ್ಟರಿ, ಹೃದಯದಿಂದ ರಕ್ತ ತರುವ ನಾಳ. ಅದರ ಹೊರಬದಿಗೆ ನರ್ವ್, ಒಳಬದಿಗೆ ವೇನ್. ನಮ್ಮಲ್ಲಿರುವ ಕ್ರಮವೇ. ಬಡಿತ ಸಿಕ್ಕ ಕಡೆಯಿಂದ ಕೂದಲೆಳೆಯಷ್ಟಲ್ಲ, ಕೆಲವು ಮಿಲಿಮೀಟರ್ ಒಳಕ್ಕೆ, ಅಂದರೆ ಇನ್ನೊಂದು ತೊಡೆಯ ಕಡೆಗೆ ಸರಿದು ಸೂಜಿ ಇಡಬೇಕು. ಬೆರಳು ನಾಡಿಯ ಮೇಲೇ ಇರಲಿ. 22 ಅಥವಾ 23 ಗೇಜ್ ಸೂಜಿ (ಗೇಜ್ ಹೆಚ್ಚಿದಷ್ಟೂ ಸೂಜಿ ತೆಳು), 30ರಿಂದ 45 ಡಿಗ್ರಿ ಓರೆ, ತುದಿ ತಲೆಯ ಕಡೆಗೆ. ಚರ್ಮ ದಾಟಿದ ಮೇಲೆ ಪ್ಲಂಜರನ್ನು ಒಂದಿಷ್ಟೇ ಹಿಂದಕ್ಕೆ ಎಳೆದು ಹಿಡಿದು ನಿಧಾನವಾಗಿ ಒಳಗೆ ಹೋಗಿ. ವೇನ್ ಸಿಕ್ಕರೆ ಕಡುಗೆಂಪು ರಕ್ತ ಸೂಜಿಯ ಬುಡದ ಹಬ್‌ಗೆ ಬರುತ್ತದೆ. ಬರಲಿಲ್ಲವೇ? ಅಷ್ಟೇ ನಿಧಾನವಾಗಿ ಹಿಂದಕ್ಕೆ ಬನ್ನಿ. ಒಳಗೆ ಹೋಗುವಾಗ ತೂರಿ ಆಚೆ ಹೋಗಿದ್ದ ಸೂಜಿ ಹಿಂದೆ ಬರುವಾಗ ಸಿಕ್ಕಿಬಿಡುವುದು ಬಹಳ ಸಲ ಆಗುತ್ತದೆ. ಒಳಗೆ ಇಟ್ಟುಕೊಂಡೇ ಎಡಬಲ ತಡಕಾಡುವುದು ಮಾತ್ರ ಬೇಡ. ಅಲ್ಲೇ ಪಕ್ಕದಲ್ಲಿ ನರ್ವ್ ಇದೆ.

ರಕ್ತ ತಿಳಿಗೆಂಪಾಗಿ ಬಂದು ಪ್ಲಂಜರನ್ನು ತಾನೇ ತಳ್ಳುತ್ತಿದ್ದರೆ ಆರ್ಟರಿಗೆ ಹೋಗಿದ್ದೀರಿ. ಗಾಬರಿ ಬೇಡ. ಸಿಬಿಸಿಗೂ ಸಾಮಾನ್ಯ ಬಯೋಕೆಮಿಸ್ಟ್ರಿಗೂ (ಲಿವರ್, ಕಿಡ್ನಿಯಂಥ ಪರೀಕ್ಷೆಗೂ) ಅದೇ ರಕ್ತ ನಡೆಯುತ್ತದೆ. ಬೇಕಾದಷ್ಟು ತೆಗೆದುಕೊಂಡು ಹೊರಗೆ ಬನ್ನಿ, ಗಡಿಯಾರ ನೋಡಿಕೊಂಡು ಐದು ನಿಮಿಷಕ್ಕೂ ಜಾಸ್ತಿ ಒತ್ತಿ ಹಿಡಿಯಿರಿ. ವೇನ್ ಆಗಿದ್ದರೂ ಮೂರು ನಿಮಿಷ ಒತ್ತಲೇಬೇಕು. ನಡುನಡುವೆ ಹತ್ತಿ ಎತ್ತಿ ಇಣುಕಿ ನೋಡುವ ಚಟ ಬಿಡಿ. ಪ್ರತಿ ಸಲ ಎತ್ತಿದಾಗಲೂ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ತೊಡೆಸಂದಿನ ಚರ್ಮ ಸಡಿಲ, ಒಳಗೆ ರಕ್ತ ಸೋರಿದರೂ ಹೊರಗೆ ಗೊತ್ತಾಗುವುದಿಲ್ಲ. ಎಚ್ಚರವಾದ ಮೇಲೆ ಕೋತಿ ಕಾಲು ಎಳೆಯುತ್ತಾ ನಡೆದಾಗಲೇ ತಿಳಿಯುವುದು. ಬ್ಯಾಂಡೇಜ್ ಕಟ್ಟಿದರೆ ಆಯಿತಲ್ಲ ಅಂದುಕೊಂಡರೆ, ಅದನ್ನು ಬಿಚ್ಚಲು ಕೋತಿಗೆ ಒಂದು ನಿಮಿಷವೂ ಬೇಡ.

ಇಷ್ಟು ರಗಳೆ ಇದ್ದರೂ ತೊಡೆಸಂದಿಗೆ ಹೋಗುವುದು ಯಾಕೆ? ಕಾರಣ ಇದೆ. ವೇನ್ ದೊಡ್ಡದು. ರಕ್ತ ಸರಾಗವಾಗಿ ಬರುತ್ತದೆ, ಹೆಪ್ಪುಗಟ್ಟುವ ಮೊದಲೇ ಟ್ಯೂಬ್ ತುಂಬುತ್ತದೆ, ರಕ್ತಕಣ ಒಡೆಯುವುದು ಕಮ್ಮಿ. ಹತ್ತು ಎಂಎಲ್ ಬೇಕಾದರೂ ಒಂದೇ ಚುಚ್ಚಿನಲ್ಲಿ ಆಗುತ್ತದೆ. ನೀರಿನಂಶ ಕಮ್ಮಿಯಾದ ಪ್ರಾಣಿಯಲ್ಲಿ ಕೈಕಾಲಿನ ವೇನ್ ಎಲ್ಲ ಬತ್ತಿ ಮಲಗಿದ್ದರೂ ಇದು ಸಿಗುತ್ತದೆ. ಕಣ್ಣಿಗೆ ಕಾಣದಿದ್ದರೇನು, ನಾಡಿಯ ಗುರುತು ಇದೆಯಲ್ಲ.

ತೊಂದರೆ ಇರುವುದು ಪ್ರಾಣಿ ಪೂರ್ತಿ ಮಲಗಿಲ್ಲದಿದ್ದಾಗ. ಒಂದು ಸಲ ಕಾಲು ಒದರಿದರೆ ಸೂಜಿ ಎಲ್ಲಿ ಸೀಳುತ್ತದೋ ಗೊತ್ತಿಲ್ಲ. ವಾರಕ್ಕೊಮ್ಮೆ ಅದೇ ಕಾಲಿಗೆ ಚುಚ್ಚುತ್ತಾ ಹೋದರೂ ನಾಳ ಗಟ್ಟಿಯಾಗುತ್ತದೆ. ಎಡ ಬಲ ಬದಲಿಸಿ, ಯಾವ ಕಡೆ ತೆಗೆದಿರಿ ಎಂದು ಕೇಸ್ ಶೀಟಿನಲ್ಲಿ ಬರೆಯಿರಿ. ಅಲ್ಲದೆ ಬೋನಿನ ಪ್ರಾಣಿಯ ತೊಡೆಸಂದು ಸ್ವಚ್ಛವಾಗಿರುವುದಿಲ್ಲ. ಸ್ಪಿರಿಟ್ ಸವರಿದ ಶಾಸ್ತ್ರ ಸಾಲದು, ಕೊಳೆ ಹೋಗುವ ತನಕ ಒರೆಸಿ, ಒಣಗಲು ಬಿಡಿ.

ಮೀನಖಂಡ

ನಾಯಿಯ ಹಿಂಗಾಲಿನಲ್ಲಿ ಹೊರಬದಿಯ ಸಫೀನಸ್ ಹುಡುಕಿ ರೂಢಿ ಇರುವವರು ಮಂಗದಲ್ಲೂ ಅಲ್ಲೇ ಹುಡುಕಿ ಸಿಗಲಿಲ್ಲ ಎನ್ನುತ್ತಾರೆ. ಮಂಗದಲ್ಲಿ ಅದು ಕಾಲಿನ ಹಿಂಬದಿಯಲ್ಲಿ, ಮೀನಖಂಡದ ನಡುವೆ ಮೇಲಕ್ಕೆ ಹೋಗುತ್ತದೆ. ಪ್ರಾಣಿಯನ್ನು ಬೋರಲು ಅಥವಾ ಪಕ್ಕಕ್ಕೆ ಮಲಗಿಸಿ, ಮಂಡಿಯ ಹತ್ತಿರ ಜೊತೆಗಾರರು ಒಂದು ಕೈಯಿಂದ ಸುತ್ತಿ ಹಿಡಿದರೆ ಸಾಕು. ಕೂದಲು ಬೋಳಿಸಿದ ಕಡೆ ನೀಲಿ ಗೆರೆ ಎದ್ದು ನಿಲ್ಲುತ್ತದೆ. ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಇದೇ ಇದರ ದೊಡ್ಡ ಗುಣ. ಪಕ್ಕದಲ್ಲಿ ದೊಡ್ಡ ಆರ್ಟರಿಯ ಭಯ ಇಲ್ಲ. ಸೋರಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಒತ್ತಿ ಹಿಡಿಯುವುದೂ ಸುಲಭ. ಹೊಸಬರು ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಕಾಟ ಕೊಡುವುದು ಎರಡು ವಿಷಯಕ್ಕೆ. ವೇನ್ ಜಾರುತ್ತದೆ. ಸೂಜಿ ಮುಟ್ಟಿದ ಕೂಡಲೇ ಪಕ್ಕಕ್ಕೆ ಸರಿದುಬಿಡುತ್ತದೆ. ಕೆಳಗಡೆ ಹೆಬ್ಬೆರಳಿನಿಂದ ಚರ್ಮವನ್ನು ಹಿಮ್ಮಡಿಯ ಕಡೆಗೆ ಎಳೆದು ಬಿಗಿಯಾಗಿ ಹಿಡಿದುಕೊಂಡರೆ ಜಾರುವುದು ನಿಲ್ಲುತ್ತದೆ. ಎರಡನೆಯದು, ರಕ್ತ ನಿಧಾನ. ಐದು ಎಂಎಲ್ ಸಿರಿಂಜ್ ಹಾಕಿ ಜೋರಾಗಿ ಎಳೆದರೆ ನಾಳದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಂತೇ ಹೋಗುತ್ತದೆ. ಎರಡು ಎಂಎಲ್ ಸಿರಿಂಜ್, 23 ಗೇಜ್ ಬಟರ್‌ಫ್ಲೈ ಸೂಜಿ, ತಾಳ್ಮೆ. ನಡುವೆ ಪಾದವನ್ನು ಮೆಲ್ಲಗೆ ಅದುಮಿ ಬಿಟ್ಟರೆ ಹರಿವು ಮತ್ತೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಕಾಲು ತಣ್ಣಗಿದ್ದರೆ ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೆರಡು ನಿಮಿಷ ಸುತ್ತಿಡಿ.

ಹೀಗೆ ಎರಡು ಮೂರು ಎಂಎಲ್ ಆರಾಮಾಗಿ ಸಿಗುತ್ತದೆ. ಅದರ ಮೇಲೆ ಬೇಕಾದರೆ ತೊಡೆಸಂದು ಒಳ್ಳೆಯದು. ಎರಡರ ನಡುವೆ ನನ್ನ ಆಯ್ಕೆ ಯಾವುದು ಎಂದರೆ, ಸಿಬಿಸಿ ಮತ್ತು ನಾಲ್ಕೈದು ಬಯೋಕೆಮಿಸ್ಟ್ರಿ ಮಾತ್ರ ಸಾಕು ಎನ್ನುವ ದಿನ ಮೀನಖಂಡವನ್ನೇ ಮೊದಲು ನೋಡುತ್ತೇನೆ. ತೊಡೆಸಂದು ಎಲ್ಲಿಗೂ ಓಡಿಹೋಗುವುದಿಲ್ಲ.

ಮುಂಗೈ: ಡ್ರಿಪ್‌ಗೆ ಉಳಿಸಿ

ಹೆಬ್ಬೆರಳಿನ ಕಡೆಯಿಂದ ಮೇಲಕ್ಕೆ ಹೋಗುವ ಸೆಫಾಲಿಕ್ ಮಂಗದಲ್ಲಿ ಚೆನ್ನಾಗಿಯೇ ಸಿಗುತ್ತದೆ. ನಾಯಿಯಲ್ಲಿ ಕೈ ಪಳಗಿದವರಿಗೆ ಇದೇ ಎಲ್ಲಕ್ಕಿಂತ ಸಲೀಸು. ಹಾಗಿದ್ದೂ ಕಾಯಿಲೆಯ ಕೋತಿಯಲ್ಲಿ ಇದರಿಂದ ರಕ್ತ ತೆಗೆಯಬೇಡಿ ಎನ್ನುತ್ತೇನೆ. ಮೇಲೆ ಹೇಳಿದ ಮೂರನೇ ಪ್ರಶ್ನೆ ಇಲ್ಲೇ ಬರುವುದು. ಕರೆಂಟ್ ಹೊಡೆದ, ವಾಂತಿ ಭೇದಿಯಾದ, ರಕ್ತ ಸುರಿದ ಪ್ರಾಣಿಗೆ ಇನ್ನು ಹತ್ತು ನಿಮಿಷದಲ್ಲಿ ಡ್ರಿಪ್ ಹಾಕಬೇಕು. 22 ಅಥವಾ 24 ಗೇಜ್ ಕ್ಯಾನುಲಾ (ವೇನ್ ಒಳಗೇ ಬಿಡುವ ತೆಳು ಕೊಳವೆ) ಕೂರಿಸಿ, ಸುತ್ತಿ ಕಟ್ಟಲು ಮುಂಗೈಯಷ್ಟು ಅನುಕೂಲದ ಜಾಗ ಬೇರೆ ಇಲ್ಲ. ರಕ್ತ ತೆಗೆಯಲು ಹೋಗಿ ಅಲ್ಲಿ ಒಂದು ತೂತು ಮಾಡಿಟ್ಟರೆ, ಆಮೇಲೆ ಹಾಕಿದ ಸಲೈನ್ ಆ ತೂತಿನಿಂದಲೇ ಸೋರಿ ಕೈ ಊದುತ್ತದೆ. ಎರಡು ಕೈಯಲ್ಲೂ ಹೀಗೆ ಮಾಡಿಟ್ಟು ಆಮೇಲೆ ವೇನ್ ಇಲ್ಲ ಎಂದು ಪರದಾಡುವುದು ಎಷ್ಟೋ ಆಸ್ಪತ್ರೆಗಳಲ್ಲಿ ನಡೆಯುವ ಮಾತು.

ಒಂದು ಉಪಾಯ ಇದೆ. ಹೇಗಿದ್ದರೂ ಕ್ಯಾನುಲಾ ಹಾಕುತ್ತೀರಿ ಎಂದಾದರೆ ಅದನ್ನೇ ಮೊದಲು ಹಾಕಿ, ಡ್ರಿಪ್ ಜೋಡಿಸುವ ಮೊದಲು ಹಬ್‌ನಿಂದಲೇ ಒಂದೆರಡು ಎಂಎಲ್ ತೆಗೆದುಕೊಳ್ಳಿ. ಒಂದೇ ಚುಚ್ಚು, ಎರಡು ಕೆಲಸ. ಡ್ರಿಪ್ ಶುರುವಾದ ಮೇಲೆ ಅದೇ ಕೈಯಿಂದ ತೆಗೆದ ರಕ್ತ ಮಾತ್ರ ನಂಬಬೇಡಿ, ಅದು ಸಲೈನ್ ಬೆರೆತದ್ದು.

ಕುತ್ತಿಗೆ ಮತ್ತು ಬಾಲ

ಜುಗುಲರ್ ದೊಡ್ಡ ವೇನ್, ದೊಡ್ಡ ಪ್ರಮಾಣಕ್ಕೆ ಒಳ್ಳೆಯದು. ದನ, ಕುರಿಯಲ್ಲಿ ದಿನವೂ ಮಾಡುವವರಿಗೆ ಆಸೆಯಾಗುತ್ತದೆ. ಆದರೆ ಕೋತಿಯ ಕುತ್ತಿಗೆ ಗಿಡ್ಡ. ಬೆಳೆದ ಗಂಡಿನಲ್ಲಿ ಸ್ನಾಯು, ಕೊಬ್ಬು ಎರಡೂ ದಪ್ಪ. ದವಡೆ ಚೀಲ ಬೇರೆ ಕುತ್ತಿಗೆಯ ಪಕ್ಕಕ್ಕೇ ಇಳಿದಿರುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದಷ್ಟು ಹೊತ್ತೂ ಉಸಿರಾಟ ನೋಡಿಕೊಳ್ಳಬೇಕು. ಹೊಟ್ಟೆ ಮತ್ತು ತೊಡೆಯ ಭಾಗ ಸುಟ್ಟೋ ಮುರಿದೋ ಹೋಗಿರುವ ಪ್ರಾಣಿಯಲ್ಲಿ ಬಿಟ್ಟರೆ ನಾನು ಇಲ್ಲಿಗೆ ಹೋಗಲಾರೆ.

ಬಾಲದ ವೇನ್ ಮಾರ್ಮೊಸೆಟ್‌ನಂಥ ಸಣ್ಣ ಅಮೆರಿಕನ್ ಮಂಗಗಳಲ್ಲಿ ಬಳಕೆಯಲ್ಲಿದೆ. ನಮ್ಮ ಕೋತಿಯ ಬಾಲವೂ ಉದ್ದವೇ. ಅರ್ಧ ಎಂಎಲ್ ಬೇಕೆನ್ನುವಾಗ, ಬೆಚ್ಚಗೆ ಮಾಡಿಕೊಂಡು ಪ್ರಯತ್ನಿಸಬಹುದು. ಅದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಟ್ಯೂಬ್ ತುಂಬುವಾಗ

ಜಾಗ ಎಷ್ಟೇ ಸರಿಯಾಗಿ ಆರಿಸಿದರೂ ಇಲ್ಲಿ ಕೆಡಿಸಿಕೊಂಡರೆ ವ್ಯರ್ಥ. ವ್ಯಾಕ್ಯೂಟೈನರ್ (ನಿರ್ವಾತದಿಂದ ರಕ್ತವನ್ನು ತಾನೇ ಎಳೆದುಕೊಳ್ಳುವ ಟ್ಯೂಬ್) ಅನ್ನು ನೇರವಾಗಿ ಹಾಕುವುದು ದೊಡ್ಡ ಗಂಡಿನ ಫೆಮೊರಲ್‌ಗೆ ಮಾತ್ರ ಸರಿ. ಉಳಿದ ಕಡೆ ಅದರ ಸೆಳೆತಕ್ಕೆ ನಾಳ ಚಪ್ಪಟೆಯಾಗುತ್ತದೆ, ಸಿರಿಂಜೇ ವಾಸಿ. ತುಂಬುವಾಗ ಸೂಜಿ ಬಿಚ್ಚಿ, ಟ್ಯೂಬಿನ ಗೋಡೆಗೆ ತಾಗಿಸಿ ಮೆಲ್ಲಗೆ ಬಿಡಿ. ಸೂಜಿಯ ಮೂಲಕ ಚಿಮ್ಮಿಸಿದರೆ ರಕ್ತಕಣ ಒಡೆದು ಪೊಟ್ಯಾಷಿಯಂ ಸುಳ್ಳು ಸುಳ್ಳೇ ಏರುತ್ತದೆ.

ಮೊದಲು ಸೀರಂ ಟ್ಯೂಬ್, ಆಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಇಡಿಟಿಎ, ಕೊನೆಗೆ ಸಕ್ಕರೆಗೆ ಬೂದು ಮುಚ್ಚಳದ್ದು. ಇಡಿಟಿಎಯ ಒಂದು ಹನಿ ಸೀರಂಗೆ ಸೇರಿದರೂ ಪೊಟ್ಯಾಷಿಯಂ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ ಎಂದು ಬರುತ್ತದೆ. ಕರೆಂಟ್ ಹೊಡೆದ ಪ್ರಾಣಿಯಲ್ಲಿ ಸ್ನಾಯು ಸುಟ್ಟು ನಿಜವಾಗಿಯೂ ಪೊಟ್ಯಾಷಿಯಂ ಏರಿರಬಹುದು. ಯಾವುದು ನಿಜ, ಯಾವುದು ಟ್ಯೂಬಿನದು ಎಂದು ಆಮೇಲೆ ತಿಳಿಯುವ ದಾರಿ ಇಲ್ಲ. ಸಿರಿಂಜಿನಲ್ಲಿ ಉಳಿದ ಕೊನೆಯ ಹನಿಯಿಂದ ಅಲ್ಲೇ ಗಾಜಿನ ಪಟ್ಟಿಯ ಮೇಲೆ ಒಂದು ಸ್ಮಿಯರ್ (ತೆಳು ಪದರ) ಎಳೆದಿಡಿ. ಮಂಗಗಳ ಮಲೇರಿಯಾ ಕಣ್ಣಿಗೆ ಬೀಳುವುದು ಅದರಲ್ಲೇ.

ನಿಮ್ಮ ಕೈ, ನಿಮ್ಮ ಕಣ್ಣು

ಮಕಾಕ್ ಮಂಗಗಳಲ್ಲಿ ಹರ್ಪೀಸ್ ಬಿ ಎಂಬ ವೈರಸ್ ಇರುತ್ತದೆ. ಅವಕ್ಕೆ ಏನೂ ಆಗುವುದಿಲ್ಲ, ಬಾಯಲ್ಲಿ ಸಣ್ಣ ಗುಳ್ಳೆ ಬಂದರೆ ಹೆಚ್ಚು. ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಮಿದುಳಿಗೆ ಹೋಗುತ್ತದೆ. 1997ರಲ್ಲಿ ಅಮೆರಿಕದ ಅಟ್ಲಾಂಟಾದ ಯರ್ಕೀಸ್ ಪ್ರೈಮೇಟ್ ಕೇಂದ್ರದಲ್ಲಿ ಯುವ ಸಂಶೋಧಕಿಯೊಬ್ಬರು ಇದರಿಂದ ತೀರಿಕೊಂಡರು. ರೀಸಸ್ ಮಂಗ ಅವರನ್ನು ಕಚ್ಚಿರಲಿಲ್ಲ. ಮಂಗದ ಬೋನಿನಿಂದ ಏನೋ ದ್ರವ ಕಣ್ಣಿಗೆ ಸಿಡಿದಿತ್ತು, ಅಷ್ಟೇ. ಹಾಗಾಗಿ ಗ್ಲೌಸ್, ಮಾಸ್ಕ್ ಜೊತೆ ಕಣ್ಣಿಗೆ ಕನ್ನಡಕವೋ ಫೇಸ್ ಶೀಲ್ಡೋ ಇರಲೇಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿಕೊಂಡರೆ, ಕಚ್ಚಿಸಿಕೊಂಡರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಿ, ಮಂಗ ಎಂದು ಬಿಡಿಸಿ ಹೇಳಿ. ರೇಬೀಸ್ ಲಸಿಕೆಯ ಮಾತು ಹೇಗೂ ಇದ್ದದ್ದೇ. ಕ್ಷಯ ಮಾತ್ರ ಉಲ್ಟಾ, ನಮ್ಮಿಂದಲೇ ಮಂಗಕ್ಕೆ ಹೋಗುವುದು ಹೆಚ್ಚು. ಕೆಮ್ಮು ಇರುವ ಸಿಬ್ಬಂದಿಯನ್ನು ಆ ದಿನ ದೂರ ಇಡಿ.

ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಚಿಂತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ. ಕೋತಿ, ಮುಸಿಯ ಎರಡೂ ಇದರಿಂದ ಸಾಯುತ್ತವೆ. ಹಬ್ಬಿಸುವುದು ಉಣ್ಣೆ, ಅಂದರೆ ರಕ್ತ ಹೀರುವ ಉಣುಗು. ಡಿಸೆಂಬರ್‌ನಿಂದ ಮೇ ತನಕ ಆ ಸೀಮೆಯ ಕಾಡಂಚಿನಲ್ಲಿ ಮಂಕಾಗಿ ಬಿದ್ದಿರುವ ಮಂಗ ಸಿಕ್ಕರೆ ಸೂಜಿಗಿಂತ ಮೊದಲು ಉಣ್ಣೆಯ ಯೋಚನೆ ಮಾಡಿ. ಪ್ಯಾಂಟನ್ನು ಗಂಬೂಟಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ನೆಲದ ಮೇಲೆ ಮಂಡಿಯೂರಿ ಕೆಲಸ ಮಾಡಬೇಡಿ. ಇಂಥ ಕಡೆ ಒಂದೇ ಚುಚ್ಚಿನಲ್ಲಿ ಬೇಗ ಮುಗಿಯುವ ಜಾಗವೇ ಒಳ್ಳೆಯ ಜಾಗ, ಅಂದರೆ ತೊಡೆಸಂದು. ಕಾಯಿಲೆಯ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುವುದರಿಂದ ಸ್ಯಾಂಪಲ್ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಆ ದಿನವೇ ಹೊರಡಬೇಕು.

ಕೋತಿ ಅಲ್ಲದಿದ್ದರೆ

ಮುಸಿಯಕ್ಕೆ ಉದ್ದ ಕಾಲು. ಮೀನಖಂಡದ ವೇನ್ ಕೂಡ ಉದ್ದಕ್ಕೆ ಸಿಗುತ್ತದೆ. ದವಡೆ ಚೀಲ ಇಲ್ಲ, ಆ ಕೆಲಸ ಉಳಿಯಿತು. ಆದರೆ ಎಲೆ ತಿಂದು ಹುದುಗಿಸುವ ದೊಡ್ಡ ಹೊಟ್ಟೆ ಇದೆ. ಮಂಪರಿನಲ್ಲಿ ಬೆನ್ನ ಮೇಲೆ ತುಂಬ ಹೊತ್ತು ಮಲಗಿಸಿದರೆ ಹೊಟ್ಟೆಯದು ಬಾಯಿಗೆ ಬರಬಹುದು. ಪಕ್ಕಕ್ಕೆ ಮಲಗಿಸಿ ಮೀನಖಂಡದಿಂದ ತೆಗೆಯುವುದೇ ಇದಕ್ಕೆ ಸರಿ. ಸಿಂಗಳೀಕ ಮಕಾಕ್ ಜಾತಿಯೇ, ಕೋತಿಗೆ ಹೇಳಿದ್ದೆಲ್ಲ ಅದಕ್ಕೂ ಹೊಂದುತ್ತದೆ.

ಕಾಡುಪಾಪ ಮಂಗವಲ್ಲ, ಆದರೂ ರಕ್ಷಣಾ ಕೇಂದ್ರಕ್ಕೆ ಬರುತ್ತಿರುತ್ತದೆ. ತೂಕ ಕಾಲು ಕೆಜಿ ಆಸುಪಾಸು. ಇದರ ಕೈಕಾಲಿನ ರಕ್ತನಾಳಗಳ ರಚನೆಯೇ ಬೇರೆ. ಒಂದೇ ಕೊಳವೆಯಾಗಿ ಹೋಗದೆ ತೆಳ್ಳನೆಯ ನಾಳಗಳ ಕಟ್ಟಾಗಿ ಒಡೆದಿರುತ್ತವೆ. ಕೊಂಬೆಯನ್ನು ಗಂಟೆಗಟ್ಟಲೆ ಬಿಗಿಯಾಗಿ ಹಿಡಿದು ಕೂರುವ ಪ್ರಾಣಿಗೆ ಅದು ಅನುಕೂಲ ಎನ್ನುತ್ತಾರೆ, ನಮಗಂತೂ ಅಲ್ಲ. ಮುಂಗೈ, ಮೀನಖಂಡದಲ್ಲಿ ಹುಡುಕುತ್ತಾ ಕೂರಬೇಡಿ. ಐಸೋಫ್ಲೂರೇನ್ ಎಂಬ ಅರವಳಿಕೆ ಗ್ಯಾಸ್ ಕೊಟ್ಟು, ತೊಡೆಯ ತೀರ ಬುಡದಲ್ಲಿ 26 ಗೇಜ್ ಸೂಜಿ, ಒಂದು ಎಂಎಲ್ ಸಿರಿಂಜ್, ಅರ್ಧ ಎಂಎಲ್ ರಕ್ತ.

ಕೊನೆಯದಾಗಿ ಮರಿ. ತಾಯಿ ಕರೆಂಟ್ ತಗುಲಿ ಸತ್ತು, ಮರಿ ಒಣಗಿ ಸೊರಗಿ ಬಂದಾಗ ಕೆಲವೊಮ್ಮೆ ಎಲ್ಲೂ ವೇನ್ ಸಿಗುವುದಿಲ್ಲ. ಐದೂ ಜಾಗದಲ್ಲಿ ಚುಚ್ಚಿ ನೋಡುವುದು ಬೇಡ. ಎರಡು ಸಲ ಆಗಲಿಲ್ಲವೇ, ರಕ್ತದ ಮಾತು ಬಿಟ್ಟು ಮೊದಲು ಮೈ ಬೆಚ್ಚಗೆ ಮಾಡಿ, ಚರ್ಮದ ಕೆಳಗೆ ಬೆಚ್ಚನೆ ಸಲೈನ್ ಕೊಡಿ. ತೀರ ಶಾಕ್‌ನಲ್ಲಿದ್ದರೆ ತೊಡೆ ಮೂಳೆಯ ಮಜ್ಜೆಗೆ ಸೂಜಿ ಹಾಕಿ ಅಲ್ಲಿಂದಲೇ ಸಲೈನ್ ಕೊಡುವುದಿದೆ, ಕೈ ಪಳಗಿದವರು ಇದ್ದರೆ. ಒಂದೆರಡು ಗಂಟೆ ಕಳೆದು ಮೈಗೆ ನೀರು ಹಿಡಿದ ಮೇಲೆ ನೋಡಿ. ಬೆಳಗ್ಗೆ ಕಾಣದಿದ್ದ ತೊಡೆಯ ವೇನ್ ಮಧ್ಯಾಹ್ನಕ್ಕೆ ಸಿಗುತ್ತದೆ, ಸಿಬಿಸಿಗೆ ಬೇಕಾದ ಅರ್ಧ ಎಂಎಲ್ ಆಗ ತೆಗೆದುಕೊಳ್ಳಬಹುದು.